ಕಡಲಕೂಸಿಗೆ ಹಾಲುತುಪ್ಪ

ನನ್ನ ಗಂಡ ಕಾಂತರಾಜು ಗಾಡಿಯನ್ನು ಯಾವತ್ತೂ ಮನೆ ಮುಂದಿನ ಬೇವಿನಮರದ ನೆರಳಿಗೆ ಮೂತಿ ಕೊಟ್ಟು ನಿಲ್ಲಿಸುವವರು. ಅವತ್ತು ಬೆಳಿಗ್ಗೆ ರಿವರ್ಸ್ ಹಾಕಿ, ಪೀಂ ಪೀಂ ಅನ್ನಿಸಿಕೊಂಡು, ಮನೆ ಪಕ್ಕದ ಓಣಿಯಲ್ಲಿ ಹಿತ್ತಲವರೆಗೂ ಹಿಮ್ಮುಖವಾಗಿ ಬಂದರು. ಗಾಡಿ ಗೋಡೆಗೆ ಉಜ್ಜಿದ್ದೂ ಅವರಿಗೆ ತಿಳಿಯಲಿಲ್ಲ. ಇಳಿದ ಮನುಷ್ಯನ ಮುಖದಲ್ಲಿ ರಕ್ತವೇ ಇರಲಿಲ್ಲ. ‘ಹಿತ್ತಲ ಬಾಗ್ಲು ತೆಗಿ, ಮುಂದಿನ ಬಾಗ್ಲು ಹಾಕು’ ಅಂದರು. ನಾನು ಎರಡನ್ನೂ ಮಾಡಿದೆ. ಯಾಕೆ ಎಂದು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು.

ನಾನು ಹುಟ್ಟಾ ಪುಕ್ಕಲಿ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಕುಕ್ಕರ್ ಕೂಗಿದರೆ ಹೆದರಿಕೆ, ಬ್ಯಾಂಕಿನಲ್ಲಿ ಸಹಿ ಹಾಕಬೇಕೆಂದರೆ ಹೆದರಿಕೆ, ನೆಲಮಂಗಲದಲ್ಲಿ ರಸ್ತೆ ದಾಟುವುದಂತೂ ಕೇಳಲೇಬೇಡಿ. ಅಂಥವಳಿಗೆ ದೇವರು ಮೀನಿನ ಗಾಡಿ ಓಡಿಸುವ ಗಂಡನನ್ನು ಗಂಟು ಹಾಕಿದ. ಮಲ್ಪೆಯಲ್ಲಿ ಸಂಜೆ ಮೀನು ತುಂಬಿಸಿಕೊಂಡು, ಘಾಟಿ ಹತ್ತಿ, ಹಾಸನ ಕುಣಿಗಲ್ ದಾಟಿ, ಬೆಳಗಾಗುವುದರೊಳಗೆ ಬೆಂಗಳೂರಿನ ಅಂಗಡಿಗಳಿಗೆ ಇಳಿಸಿ ವಾಪಸು ಬರುವ ಕೆಲಸ. ನಮ್ಮ ಹಳ್ಳಿ ಕುಣಿಗಲ್ ರಸ್ತೆಗೆ ಅಂಟಿಕೊಂಡೇ ಇದೆ, ಅದಕ್ಕೇ ತಿಂಡಿ ಹೊತ್ತಿಗೆ ಮನೆ ಸೇರುತ್ತಾರೆ. ಮನೆಯ ಧೈರ್ಯವನ್ನೆಲ್ಲ ಅವರ ತಾಯಿ ಸಪ್ಪಲಮ್ಮ ಗುತ್ತಿಗೆ ಹಿಡಿದಿದ್ದಾರೆ. ನಮಗಿಬ್ಬರಿಗೂ ಒಂದು ಚಿಟಿಕೆ ಬಿಟ್ಟಿಲ್ಲ.

ಗಾಡಿಯ ಹಿಂಬಾಗಿಲು ತೆಗೆದಾಗ ಎಂದಿನಂತೆ ತಣ್ಣನೆ ಹೊಗೆ, ಮೀನಿನ ವಾಸನೆ. ಖಾಲಿ ಕ್ರೇಟುಗಳ ಹಿಂದೆ ಒಂದೇ ಒಂದು ತುಂಬಿದ ಕ್ರೇಟು ಇತ್ತು, ಮೇಲೆ ಗೋಣಿಚೀಲ. ಅವರು ಗೋಣಿ ಸರಿಸಿ ಐಸ್ ಪುಡಿಯನ್ನು ಕೈಯಲ್ಲಿ ಗೋರಿದರು. ಮೊದಲು ಕಂಡದ್ದು ಹಣೆ. ಬೂದುಬಣ್ಣದ, ನುಣ್ಣಗೆ ಉಬ್ಬಿದ ಹಣೆ. ಆಮೇಲೆ ಮುಚ್ಚಿದ ಪುಟ್ಟ ಕಣ್ಣು. ಆಮೇಲೆ ಬಾಯಿ, ನಿದ್ದೆಯಲ್ಲಿ ನಗುತ್ತಿರುವ ಕೂಸಿನ ಹಾಗೆ ಕೊನೆಯಲ್ಲಿ ಮೇಲಕ್ಕೆ ತಿರುಗಿದ ಬಾಯಿ. ಯಾರದೋ ಮಗು ಎಂದುಕೊಂಡೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದೆ.

‘ಮಗು ಅಲ್ಲ ಕಣೇ, ಸರಿಯಾಗಿ ನೋಡು,’ ಅಂದರು. ‘ಡಾಲ್ಫಿನ್ ಜಾತೀದು. ಕಡಲಹಂದಿ ಅಂತಾರೆ. ಅದರ ಮರಿ.’

ಮಡಚಿಟ್ಟ ಬಾಲ ಆಗ ಕಾಣಿಸಿತು. ಪಕ್ಕದಲ್ಲಿ ಎರಡು ಸಣ್ಣ ಈಜುರೆಕ್ಕೆ. ಬೆನ್ನ ಮೇಲೆ ರೆಕ್ಕೆ ಇರಲಿಲ್ಲ, ನೆತ್ತಿಯಲ್ಲಿ ಉಸಿರಾಡುವ ಒಂದು ತೂತು. ಮಗುವಲ್ಲ ಎಂದು ತಿಳಿದ ಮೇಲೆ ಹೆದರಿಕೆ ಇಳಿಯಬೇಕಿತ್ತು. ಅವರ ಕೈ ನೋಡಿದೆ. ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿದ ಕೈ ಎಲೆಯ ಹಾಗೆ ನಡುಗುತ್ತಿತ್ತು.

ನಡೆದದ್ದು ಇಷ್ಟು. ಮಲ್ಪೆಯಲ್ಲಿ ಕತ್ತಲಲ್ಲಿ ಲೋಡು ಮಾಡುವಾಗ ಯಾರೋ ಇದನ್ನು ಬಂಗುಡೆಯ ಕೆಳಗೆ ಹಾಕಿ ಐಸ್ ಹೊಡೆದಿದ್ದರು. ಬಲೆಗೆ ಸಿಕ್ಕಿ ಸತ್ತದ್ದನ್ನು ಮುಚ್ಚಿಹಾಕಲು ಹೀಗೆ ಮಾಡಿದರೋ, ಅವಸರದಲ್ಲಿ ನೋಡದೆ ಗೋರಿ ಹಾಕಿದರೋ, ದೇವರಿಗೇ ಗೊತ್ತು. ಬೆಂಗಳೂರಿನ ಅಂಗಡಿಯವನು ಕ್ರೇಟು ಸುರಿದು ನೋಡಿದವನೇ ಹಾವು ತುಳಿದವನ ಹಾಗೆ ಹಿಂದಕ್ಕೆ ಹಾರಿ, ‘ಗುರು, ಇದನ್ನ ಮೊದ್ಲು ಇಲ್ಲಿಂದ ತಗೊಂಡೋಗು, ನನ್ನ ಒಳಗೆ ಹಾಕ್ತಾರೆ’ ಅಂದನಂತೆ. ಇವರು ಗಾಡಿ ಓನರಿಗೆ ಫೋನ್ ಮಾಡಿದರೆ, ‘ನನ್ನ ಗಾಡೀಲಿ ಅಂಥದ್ದು ಬಂದೇ ಇಲ್ಲ, ನೀನೇನು ಮಾಡ್ಕೊಂಡಿದೀಯೋ ನಂಗೊತ್ತಿಲ್ಲ’ ಎಂದು ಕಟ್ ಮಾಡಿದನಂತೆ. ದಾರಿಯಲ್ಲಿ ಎಸೆಯೋಣವೆಂದರೆ ಹೈವೇ ತುಂಬ ಕ್ಯಾಮೆರಾ.

‘ತಿಮಿಂಗಿಲದ ವಾಂತಿ ಇಟ್ಕೊಂಡಿದ್ದೋರ್ನ ಟೀವೀಲಿ ತೋರಿಸಿದ್ರಲ್ಲ,’ ಅಂದರು. ‘ಮುಖಕ್ಕೆ ಬಟ್ಟೆ ಹಾಕಿ ಸಾಲಾಗಿ ನಿಲ್ಸಿದ್ರು. ವಾಂತಿಗೇ ಹಂಗೆ. ನನ್ನ ಹತ್ರ ಇಡೀ ಪ್ರಾಣಿ ಐತೆ.’

ಅಷ್ಟರಲ್ಲಿ ನನ್ನ ಮಗಳು ಮೋನಿಷಾ ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವವಳು, ಕಾಮಾಲೆ ಹಿಡಿದು ಮನೆಗೆ ಬಂದು ಮಲಗಿದ್ದಳು. ಕಣ್ಣು ಹಳದಿ, ತಿಂದದ್ದೆಲ್ಲ ವಾಂತಿ, ಕೋಣೆಯಿಂದ ಆಚೆ ಬಂದವಳೇ ಅಲ್ಲ. ಅವಳು ಕ್ರೇಟು ನೋಡಿದಳು, ಅಪ್ಪನ ಮುಖ ನೋಡಿದಳು, ಮೊಬೈಲು ತೆಗೆದಳು. ಈಗಿನ ಮಕ್ಕಳು ಸತ್ತ ಪ್ರಾಣಿಯ ಮುಂದೆ ನಿಂತರೂ ಮೊದಲು ಮೊಬೈಲನ್ನೇ ಕೇಳುತ್ತಾರೆ.

‘ಹುಲಿಗೆ ಇರೋ ಕಾನೂನೇ ಇದಕ್ಕೂ ಅಂತೆ ಅಪ್ಪ,’ ಅಂದಳು. ‘ಏಳು ವರ್ಷದ ತನಕ ಹಾಕಬಹುದಂತೆ. ಆದ್ರೆ ನೀನೇನೂ ಮಾಡಿಲ್ವಲ್ಲ. ಫಾರೆಸ್ಟಿನೋರಿಗೆ ನಾವೇ ಫೋನ್ ಮಾಡಿ ಹೇಳೋಣ.’

ಏಳು ವರ್ಷ ಎಂಬ ಮಾತು ಬಿದ್ದ ಮೇಲೆ ಉಳಿದದ್ದು ಅವರ ಕಿವಿಗೆ ಹೋಗಲೇ ಇಲ್ಲ. ನನ್ನ ಕಿವಿಗೂ ಅಷ್ಟೇ. ‘ಫೋನ್ ಗೀನ್ ಅಂದ್ರೆ ನೋಡು’ ಎಂದು ಅವಳ ಕೈಯಿಂದ ಮೊಬೈಲು ಕಿತ್ತುಕೊಂಡವಳು ನಾನು. ಯಾರಿಗೂ ತಿಳಿಯದ ಹಾಗೆ ಹೂತುಬಿಟ್ಟರೆ ಮುಗಿಯಿತು ಎಂದು ಗಂಡ ಹೆಂಡತಿ ತೀರ್ಮಾನ ಮಾಡಿದೆವು. ಅತ್ತೆಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತೆ ದನದ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದರು. ಕೈ ತೊಳೆದು, ಕ್ರೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಐಸಿನೊಳಗಿಂದ ಅದನ್ನು ಎತ್ತಿ ಮಗ್ಗುಲಿಗೆ ಹೊರಳಿಸಿದರು. ಹೊಟ್ಟೆಯ ಕಡೆ ಒಂದು ಗುರುತು. ಇನ್ನೂ ಸರಿಯಾಗಿ ಮಾಯದ ಹೊಕ್ಕುಳು. ಪಕ್ಕೆಗಳಲ್ಲಿ, ಬಹಳ ಹೊತ್ತು ಮಡಚಿಟ್ಟ ಸೀರೆಯ ಮೇಲೆ ಉಳಿಯುತ್ತದಲ್ಲ, ಅಂಥ ಗೆರೆಗಳು.

‘ತಾಯಿ ಹೊಟ್ಟೇಲಿ ಮಡಚ್ಕೊಂಡಿದ್ದ ಮೈ ಇನ್ನೂ ಬಿಚ್ಕೊಂಡಿಲ್ಲ ಕಣೋ ಇದು,’ ಅಂದರು. ‘ಹಾಲು ಕುಡಿಯೋ ಕೂಸು. ಹೊಕ್ಕುಳು ಇರೋದನ್ನ ನಾಯಿ ಹೂತಂಗೆ ಹೂಣ್ಬಾರ್ದು.’

‘ಅವ್ವ, ನಿನ್ನ ಕಾಲಿಗೆ ಬೀಳ್ತೀನಿ. ಸದ್ದು ಮಾಡ್ದೆ ಗುಂಡಿ ತೋಡಿ ಹಾಕ್ಬಿಡ್ತೀನಿ.’

‘ತೋಡು. ಬ್ಯಾಡ ಅಂದ್ನಾ?’

ಒಳಗೆ ಹೋಗಿ ತಮ್ಮ ಹಳೆಯ ಬಿಳಿ ನೂಲಿನ ಸೀರೆ ತಂದರು. ತಲೆಯಿಂದ ಬಾಲದವರೆಗೆ ಸುತ್ತಿ, ಮುಖವನ್ನು ಮಾತ್ರ ಬಿಟ್ಟು, ಆಮೇಲೆ ಅದನ್ನೂ ಮುಚ್ಚಿದರು. ಮಗನ ಎರಡು ತೋಳಿನ ಮೇಲೆ ಅಡ್ಡಲಾಗಿ ಇಟ್ಟರು. ಹಿತ್ತಲಿನಾಚೆ ಹೊಂಗೆಮರದ ಬುಡ. ಮುಂದೆ ನೀರಿನ ಚೊಂಬು ಹಿಡಿದು ಅತ್ತೆ, ಹಿಂದೆ ಗಂಟನ್ನು ಹೊತ್ತ ಇವರು, ಅದರ ಹಿಂದೆ ಗುದ್ದಲಿ ಹಿಡಿದ ನಾನು. ಹೂತು ಮಣ್ಣು ಮುಚ್ಚಿ, ನಾಯಿ ಕೆದಕದಿರಲಿ ಎಂದು ಜಾಲಿಮುಳ್ಳು ಹೇರಿದೆವು. ಯಾರೂ ನೋಡಲಿಲ್ಲ ಎಂದುಕೊಂಡೆವು. ಪಕ್ಕದ ಮನೆ ಪಿಳ್ಳಮ್ಮಕ್ಕ ತಾರಸಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದದ್ದು ನಮಗೆ ಕಾಣಿಸಲಿಲ್ಲ.

ಆಮೇಲೆಲ್ಲ ರಸ್ತೆಗೆ ಕಿವಿಗೊಟ್ಟೇ ಹೊತ್ತು ಕಳೆದೆವು. ಜ್ವರ ಎಂದು ಹೇಳಿ ಇವರು ಕೆಲಸಕ್ಕೆ ಹೋಗಲಿಲ್ಲ, ನಿಜವಾಗಿಯೂ ಮೈ ಕಾದಿತ್ತು. ಹೈವೇಯಲ್ಲಿ ಹಗಲೂ ರಾತ್ರಿ ಲಾರಿಗಳ ಸದ್ದು, ಅದು ನಮಗೆ ಉಸಿರಿನಷ್ಟೇ ಅಭ್ಯಾಸ. ಆದರೆ ಒಂದೇ ಒಂದು ಗಾಡಿ ಊರ ಕಡೆಗೆ ಹೊರಳಿದರೂ ಇವರು ಎದ್ದು ಕೂರುತ್ತಿದ್ದರು, ನಾನು ಅನ್ನ ಕಲೆಸುವ ಕೈ ನಿಲ್ಲಿಸುತ್ತಿದ್ದೆ. ಗ್ಯಾಸ್ ಸಿಲಿಂಡರಿನ ಗಾಡಿ ಬಂದಾಗ ಇವರು ರಾಗಿ ಮೂಟೆಗಳ ಹಿಂದೆ ಹೋಗಿ ನಿಂತಿದ್ದರು. ಈ ಗಾಡಿ ನಮ್ಮ ಮನೆಗೆ ಬರದಿರಲಿ, ಈ ಗಾಡಿ ನಮ್ಮ ಮನೆಗೆ ಬರದಿರಲಿ ಎಂದು ನನ್ನ ಬಾಯಿಗೆ ಅದೇ ಮಂತ್ರವಾಗಿತ್ತು.

ಒಂದು ಸಲ ನಾನೇ ಹೊಂಗೆಮರದ ಹತ್ತಿರ ಹೋಗಿ ನೋಡಿ ಬಂದೆ. ಮುಳ್ಳು ಇಟ್ಟ ಹಾಗೇ ಇತ್ತು. ವಾಪಸು ಬಂದು ಕೂತರೆ, ಸರಿಯಾಗಿ ನೋಡಲಿಲ್ಲವೇನೋ ಎಂದು ಅನುಮಾನ. ಹೋಗಬೇಡ ಕಣೇ, ಜನ ನೋಡ್ತಾರೆ ಎಂದು ಇವರು ಬೈದರು. ಬೈದು ಮುಗಿಸಿ ಕಿಟಕಿಯಲ್ಲಿ ತಾವೇ ಇಣುಕಿದರು.

ಮಾರನೆಯ ದಿನ ಸಂಜೆ ಪಿಳ್ಳಮ್ಮಕ್ಕ ಬಂದರು. ಕೈಯಲ್ಲೊಂದು ಡಬ್ಬಿ. ಒಳಗೆ ಬಂದು ಮೋನಿಷಾಳ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿ ದನಿ ತಗ್ಗಿಸಿದರು.

‘ಮಗು ಹೆಂಗವ್ಳೆ ಪ್ರಮೋದಾ?’

‘ಹಂಗೇ ಅವಳೆ ಅಕ್ಕ. ಸುಸ್ತು.’

‘ಸುಸ್ತಾಗ್ದೆ ಇರ್ತದಾ. ಬಿಸಿನೀರು ಹಾಕು. ತಲೆಗೆ ಬಟ್ಟೆ ಕಟ್ಟು, ಗಾಳಿ ಹೊಡೀಬಾರ್ದು. ಮೆಣಸಿನ ಸಾರು ಮಾಡ್ಕೊಂಡ್ಬಂದಿವ್ನಿ.’

ಕಾಮಾಲೆಯವಳಿಗೆ ಮೆಣಸಿನ ಸಾರು ಕೊಡುತ್ತಾರೆಯೇ? ಬಾಣಂತಿಗೆ ಹೇಳುವ ಆರೈಕೆಯನ್ನೆಲ್ಲ ಈಕೆ ನನ್ನ ಮಗಳಿಗೆ ಯಾಕೆ ಹೇಳುತ್ತಿದ್ದಾರೆ ಎಂದು ನೆಟ್ಟಗಿರುವ ಯಾವ ತಲೆಗಾದರೂ ಹೊಳೆಯಬೇಕಿತ್ತು. ನನ್ನ ತಲೆ ಹೊಂಗೆಮರದ ಬುಡದಲ್ಲಿತ್ತು.

‘ನಾನು ತಾರಸಿ ಮೇಲಿಂದ ಎಲ್ಲಾ ನೋಡ್ದೆ ಕಣಮ್ಮ,’ ಅಂದರು ಪಿಳ್ಳಮ್ಮಕ್ಕ. ‘ಕಾಂತರಾಜು ಎತ್ಕೊಂಡು ಹೋಗಿದ್ದು, ಹೂತಿದ್ದು.’

ಅವರ ಎರಡು ಕೈ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಸಿದೆ. ‘ಅಕ್ಕ, ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ಮನೆಯೋರೆಲ್ಲ ಜೈಲಿಗೆ ಹೋಗ್ತೀವಿ. ನಾವಾಗಿ ಮಾಡಿದ್ದಲ್ಲ, ನಮ್ಮ ಹಣೆಬರಹ ಹಿಂಗಾಯ್ತು’ ಎಂದು ಗೊಳೋ ಅಂತ ಅತ್ತುಬಿಟ್ಟೆ. ಪಿಳ್ಳಮ್ಮಕ್ಕನೂ ಅತ್ತರು. ‘ನಂಗೂ ಹೆಣ್ಣುಮಕ್ಕಳವ್ರೆ ಕಣಮ್ಮ’ ಅಂದರು. ಸಾರಿನ ಡಬ್ಬಿ ಇಟ್ಟು ಹೋದರು. ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ರಾತ್ರಿ ಅದೇ ಸಾರಿನಲ್ಲಿ ಅನ್ನ ತಿಂದೆ. ಆಕೆ ಹೇಳಿದ್ದು ಒಂದು, ನಾನು ಒಪ್ಪಿಕೊಂಡದ್ದು ಇನ್ನೊಂದು ಎಂದು ತಿಳಿದದ್ದು ಪೊಲೀಸರು ಬಂದ ಮೇಲೆ.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಒಲೆಯ ಮುಂದೆ ಕೂತು ತುಪ್ಪ ಕಾಸುತ್ತಿದ್ದಾರೆ. ಪಕ್ಕದಲ್ಲಿ ಕರೆದ ಹಾಲು, ಮುತ್ತುಗದ ಎಲೆ. ನಮ್ಮ ಕಡೆ ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನು ಎಲೆಯ ಮೇಲಿಟ್ಟು, ಕಾಗೆ ಬಂದು ಮುಟ್ಟುವವರೆಗೆ ದೂರ ನಿಂತು ಕಾಯುತ್ತಾರೆ.

‘ಯಾರಿಗೆ ಇದು?’ ಅಂದೆ. ಉತ್ತರ ಗೊತ್ತಿದ್ದೇ ಕೇಳಿದೆ.

‘ಬಂಗುಡೆ ಒಂದೈತಾ ನೋಡು ಫ್ರಿಡ್ಜ್‌ನಾಗೆ. ಹಾಲು ಕುಡಿಯೋ ವಯಸ್ಸೇ, ಆದ್ರೂ ಬೆಳೆದಿದ್ರೆ ತಿನ್ನೋದು ಅದನ್ನೇ ತಾನೆ.’

‘ಅತ್ತೆ, ನಿಮ್ಗೆ ತಲೆ ಕೆಟ್ಟಿದೆಯಾ? ಊರೋರು ಕೇಳಿದ್ರೆ ಏನು ಹೇಳೋಣ? ನಿಮ್ಮ ಮಗ ಜೈಲಿಗೆ ಹೋಗ್ತಾರೆ.’ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಮುಂದೆ ದನಿ ಎತ್ತಿದೆ. ಹೆದರಿಕೆ ಹೆಚ್ಚಾದರೆ ನನ್ನಂಥವಳಿಗೂ ದನಿ ಬರುತ್ತದೆ.

ಅತ್ತೆ ತುಪ್ಪದ ಬಾಣಲೆ ಇಳಿಸಿದರು. ಸಿಟ್ಟಾಗಲಿಲ್ಲ. ‘ಕಾಂತಂಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು ನಂಗೆ,’ ಅಂದರು. ‘ಹಲ್ಲು ಬರದ ಕೂಸಿಗೆ ಹಾಲುತುಪ್ಪ ಇಲ್ಲ ಅಂದ್ರು ಹಿರಿಯರು. ಮಣ್ಣು ಮಾಡಿ ಬಂದೋರು ಕೈ ತೊಳ್ಕೊಂಡು ಉಳೋಕೆ ಹೋದ್ರು. ಎದೇಲಿ ಹಾಲು ಕಟ್ಕೊಂಡು ಕೂತಿದ್ದೆ ನಾನು. ಅಲ್ಲೂ ಸಮುದ್ರದಾಗೆ ಇದರ ತಾಯಿ ಹಂಗೇ ಇರ್ತದೆ. ನನ್ನ ತಡೀಬ್ಯಾಡ ಕಣವ್ವಾ.’

ಈ ಮಾತನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ತಡೆಯಲು ನನ್ನಿಂದ ಆಗಲಿಲ್ಲ. ಫ್ರಿಡ್ಜಿನಿಂದ ಬಂಗುಡೆ ತೆಗೆದುಕೊಟ್ಟೆ. ಬೇಗ ಬೇಗ ಮುಗಿಸಿ ಬಂದರೆ ಯಾರಿಗೂ ಕಾಣುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಅವರ ಹಿಂದೆ ನಡೆದೆ.

ಅತ್ತೆಗೆ ಬೇಗ ಎಂಬುದೇ ಗೊತ್ತಿಲ್ಲ. ಮುಳ್ಳು ಸರಿಸಿದರು, ಮಣ್ಣು ಸವರಿದರು, ಅರಿಶಿನ ಕುಂಕುಮ ಇಟ್ಟರು. ಹಾಲು ಬಿಟ್ಟರು, ತುಪ್ಪ ಬಿಟ್ಟರು. ಎಲೆಯ ಮೇಲೆ ಬಂಗುಡೆ ಇಟ್ಟು ನನ್ನನ್ನೂ ಎಳೆದುಕೊಂಡು ದೂರ ಬಂದು ನಿಂತರು. ಹೊಂಗೆಮರದಲ್ಲಿ ಕಾಗೆಗಳು ಕೂತಿದ್ದವು. ಕೂಗುತ್ತವೆ, ಕೊಂಬೆಯಿಂದ ಕೊಂಬೆಗೆ ಹಾರುತ್ತವೆ, ಕೆಳಗಿಳಿಯುವುದಿಲ್ಲ. ಇಳೀರೇ, ತಿಂದು ಹೋಗ್ರೇ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಆಗ ಓಣಿಯ ಆ ತುದಿಯಲ್ಲಿ ಜೀಪು ನಿಂತ ಸದ್ದು ಕೇಳಿಸಿತು.

ಮುಂದೆ ಆದಿನಾರಾಯಣಪ್ಪ ಬಂದರು. ಹಿಂದೊಮ್ಮೆ ಪಂಚಾಯಿತಿ ಮೆಂಬರ್ ಆಗಿದ್ದವರು, ಇವತ್ತಿಗೂ ಅದೇ ನಡಿಗೆ. ಅವರ ಹಿಂದೆ ಪೊಲೀಸ್ ಮೇಡಂ, ಒಬ್ಬ ಪೇದೆ. ಅವರ ಹಿಂದೆ ಅರ್ಧ ಊರು. ಆ ಗುಂಪಿನಲ್ಲಿ ಪಿಳ್ಳಮ್ಮಕ್ಕನೂ ಇದ್ದರು, ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದರು. ಆಕೆ ಮನೆಯಲ್ಲಿ ಗಂಡನಿಗೆ ಹೇಳಿದ್ದು, ಗಂಡ ಡೇರಿಯಲ್ಲಿ ಹೇಳಿದ್ದು, ಡೇರಿಯಿಂದ ಆದಿನಾರಾಯಣಪ್ಪನವರಿಗೆ ಮುಟ್ಟಿ ಅವರು ಸ್ಟೇಷನ್ನಿಗೆ ಫೋನ್ ಮಾಡಿದ್ದು ಆಮೇಲೆ ತಿಳಿಯಿತು.

ಪೊಲೀಸ್ ಮೇಡಂ ಹಾಲು ಹೀರಿಕೊಂಡ ಮಣ್ಣನ್ನು ನೋಡಿದರು, ಕುಂಕುಮ ನೋಡಿದರು, ಗುಂಡಿಯ ಉದ್ದ ನೋಡಿದರು. ‘ಯಾರದಮ್ಮ ಈ ಮಗು?’ ಅಂದರು.

ಮಗು ಎಂದರೇಕೆ ಎಂದು ನಾನು ಇನ್ನೂ ಯೋಚಿಸುತ್ತಿದ್ದೆ.

‘ಸುಳ್ಳು ಹೇಳ್ಬೇಡಿ. ಹುಟ್ಟಿದ್ ಮೇಲೆ ಸತ್ತಿದ್ದಾ, ನೀವೇ ಏನಾದ್ರೂ ಮಾಡಿದ್ರಾ? ನಿಮ್ಮ ಮಗಳೆಲ್ಲಿ? ಹಾಸ್ಟೆಲಿಂದ ಬಂದೋಳು ಕೋಣೆ ಬಿಟ್ಟು ಈಚೆ ಬಂದಿಲ್ವಂತೆ. ವಾಂತಿಯಂತೆ. ಕರೀರಿ ಅವಳ್ನ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿಸ್ಬೇಕು.’

ಆಗ ತಿಳಿಯಿತು. ಬಿಸಿನೀರು, ತಲೆಗೆ ಬಟ್ಟೆ, ಮೆಣಸಿನ ಸಾರು ಎಲ್ಲವೂ ಒಟ್ಟಿಗೆ ತಿಳಿಯಿತು. ಅಲ್ಲ ಎನ್ನಲು ಬಾಯಿ ತೆರೆದೆ. ಅಲ್ಲ ಎಂದರೆ ಮತ್ತೇನಿದೆ ಎನ್ನುತ್ತಾರೆ. ಅಗೆದು ತೋರಿಸಿದರೆ ಗಂಡ ಜೈಲಿಗೆ. ಅಗೆಯದಿದ್ದರೆ ಮಗಳ ಹೆಸರು ಈ ಓಣಿಯಿಂದ ತುಮಕೂರಿನ ಹಾಸ್ಟೆಲಿನವರೆಗೂ ಬೀದಿಪಾಲು. ಹೆದರಿಕೆಗಳಲ್ಲಿ ಯಾವುದು ದೊಡ್ಡದು ಎಂದು ಆರಿಸಿಕೊಳ್ಳುವ ಹೊತ್ತು ನನಗೆ ಯಾವತ್ತೂ ಬಂದಿರಲಿಲ್ಲ.

ಗಲಾಟೆ ಕೇಳಿ ಮೋನಿಷಾ ತಾನಾಗಿಯೇ ಹಿತ್ತಲಿಗೆ ಬಂದಳು. ನೈಟಿಯ ಮೇಲೆ ಶಾಲು, ಕೆದರಿದ ಕೂದಲು, ನಿಲ್ಲಲು ಶಕ್ತಿಯಿಲ್ಲದೆ ಬಟ್ಟೆ ಒಗೆಯುವ ಕಲ್ಲನ್ನು ಹಿಡಿದುಕೊಂಡಳು. ಅಷ್ಟು ಜನರ ಕಣ್ಣು ಒಟ್ಟಿಗೆ ಅವಳ ಹೊಟ್ಟೆಯ ಮೇಲೆ ಬಿತ್ತು. ಅವಳಿಗೆ ಏನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಅವಳು ಶಾಲನ್ನು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಮುಚ್ಚಿಕೊಳ್ಳಲು ಅವಳ ಬಳಿ ಏನೂ ಇರಲಿಲ್ಲ, ಆದರೂ ಮುಚ್ಚಿಕೊಂಡಳು.

‘ಏನಮ್ಮ ನಿನ್ನ ಹೆಸರು?’ ಎಂದು ಮೇಡಂ ಅವಳ ಕಡೆ ಹೆಜ್ಜೆ ಇಟ್ಟರು.

‘ಮೇಡಂ, ಅವಳ್ನ ಏನೂ ಕೇಳ್ಬೇಡಿ.’

ಮನೆಯೊಳಗಿಂದ ಇವರು ಬಂದರು. ಇಷ್ಟು ಹೊತ್ತೂ ರಾಗಿ ಮೂಟೆಯ ಹಿಂದೆ ಇದ್ದರೆಂದು ಬಲ್ಲೆ, ಅಂಗಿಯ ಬೆನ್ನಿಗೆ ಹೊಟ್ಟು ಅಂಟಿತ್ತು. ಕೈಯಲ್ಲಿ ಗುದ್ದಲಿ. ಪೇದೆ ಅಡ್ಡ ಬರಲು ನೋಡಿದ. ಇವರು ಅವನನ್ನು ಬಳಸಿಕೊಂಡು ನೆಟ್ಟಗೆ ಹೊಂಗೆಮರದ ಬುಡಕ್ಕೆ ಹೋದರು.

‘ಏನಪ್ಪಾ ಕಾಂತರಾಜು, ಸ್ವಲ್ಪ ನಿಧಾನ. ತಹಸೀಲ್ದಾರ್ ಸಾಹೇಬ್ರು ಬಂದ್ ಮೇಲೆ ಅಗೀಬೇಕು, ಕಾನೂನು ಐತೆ’ ಅಂದರು ಆದಿನಾರಾಯಣಪ್ಪ.

‘ನನ್ನ ಮಗಳ ಹೊಟ್ಟೆ ನೋಡೋಕೆ ಮುಂಚೆ ನೀವು ಕಾನೂನು ಕೇಳಿದ್ರಾ ಅಣ್ಣ?’

ಇವರು ಅಗೆದರು. ಹಸಿಮಣ್ಣು ಬೇಗ ಬಂತು. ಕೊನೆಗೆ ಗುದ್ದಲಿ ಬಿಟ್ಟು ಕೈಯಲ್ಲಿ ಮಣ್ಣು ತೆಗೆದು, ಬಿಳಿ ಸೀರೆಯ ಗಂಟನ್ನು ಎತ್ತಿ ದಡದ ಮೇಲಿಟ್ಟರು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ‘ನಾನು ಮೀನಿನ ಗಾಡಿ ಡ್ರೈವರ್. ಇದು ನನ್ನ ಗಾಡೀಲಿ ಬಂತು. ಹೆದರ್ಕೊಂಡು ಹೂತಾಕ್ದೆ. ತಪ್ಪು ನಂದು, ನನ್ನ ಮಗಳದ್ದಲ್ಲ’ ಎಂದು ಹೇಳಿ ಸೀರೆಯನ್ನು ಬಿಚ್ಚಿದರು.

ಮೊದಲು ಕಂಡದ್ದು ಅದೇ ಹಣೆ, ಅದೇ ನಗು. ಮಣ್ಣಿನಲ್ಲಿ ಎರಡು ದಿನ ಇದ್ದು ಬಣ್ಣ ಕಪ್ಪಾಗಿತ್ತು, ನಗು ಮಾತ್ರ ಹೋಗಿರಲಿಲ್ಲ. ಮೇಡಂ ಬಗ್ಗಿದವರು ಹಾಗೇ ಹಿಂದೆ ಸರಿದರು. ಗುಂಪಿನಲ್ಲಿ ಯಾರೋ ಅಯ್ಯಪ್ಪಾ ಅಂದರು. ಕೊಲೆಯಾದ ಕೂಸನ್ನು ನೋಡಲು ಬಂದವರು ಬಾಲ ನೋಡಿದರು, ಈಜುರೆಕ್ಕೆ ನೋಡಿದರು, ಹೊಕ್ಕುಳು ನೋಡಿದರು. ಸಮುದ್ರವನ್ನು ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರದ ಜನ. ಹಿಂದಿನಿಂದ ಒಬ್ಬ ಮುದುಕಿ, ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

‘ಗಂಡಾ, ಹೆಣ್ಣಾ?’

‘ಹೆಣ್ಣು,’ ಅಂದರು ಅತ್ತೆ.

ಮೇಡಂ ಯಾರಿಗೋ ಫೋನ್ ಮಾಡಿದರು. ಆಮೇಲೆ ಮೋನಿಷಾಳ ಹತ್ತಿರ ಹೋಗಿ, ಅವಳ ಕಣ್ಣಿನ ಹಳದಿ ನೋಡಿ, ‘ಕಾಮಾಲೆ ಏನಮ್ಮ?’ ಅಂದರು. ಅವಳು ತಲೆಯಾಡಿಸಿದಳು. ‘ಒಳಗೆ ಹೋಗಿ ಮಲ್ಕೋ’ ಅಂದರು. ಅವಳು ಹೋಗಲಿಲ್ಲ.

ಫಾರೆಸ್ಟಿನವರು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಮುರಳಿ ಎಂಬ ಗಾರ್ಡ್, ಜೊತೆಗೆ ಅವರ ಸಾಹೇಬರು. ಇವರು ಎಲ್ಲವನ್ನೂ ಮೊದಲಿನಿಂದ ಹೇಳಿದರು, ಅಂಗಡಿಯವನು ಹೇಳಿದ್ದು, ಓನರ್ ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಸಾಹೇಬರು ಕೇಳಿಸಿಕೊಂಡು ತಲೆ ಕೆರೆದುಕೊಂಡರು. ‘ಅವತ್ತೇ ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ರೀ. ಬಲೆಗೆ ಸಿಕ್ಕಿ ಸತ್ತಿದೆ ಅಂತ ಬರ್ಕೊಂಡು ನಾವೇ ತಗೊಂಡು ಹೋಗ್ತಿದ್ವಿ. ಹೂತು ಮುಚ್ಚಿಟ್ರಿ, ಈಗ ನನ್ನ ಕೈಲಿಲ್ಲ. ಸ್ಟೇಟ್‌ಮೆಂಟ್ ಕೊಡ್ಬೇಕು, ಬನ್ನಿ.’

‘ಬಿಡ್ತೀರಾ ಸಾರ್ ಇವರ್ನ?’ ಅಂದೆ.

‘ಹೇಳೋಕಾಗಲ್ಲಮ್ಮ.’

ಮೋನಿಷಾ ನನ್ನ ಕಡೆ ನೋಡಿದಳು. ಫೋನ್ ಮಾಡೋಣ ಎಂದವಳು ಅವಳು, ಕಿತ್ತುಕೊಂಡವಳು ನಾನು. ಆ ನೋಟದಲ್ಲಿ ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು, ಇರಲಿಲ್ಲ.

ಜೀಪಿನಲ್ಲಿ ಅದನ್ನು ಇಡಲು ಮುರಳಿ ಗೋಣಿಚೀಲ ಹುಡುಕುತ್ತಿದ್ದ. ‘ಜೀಪಲ್ಲಿ ಬೇಡ ಸಾರ್, ಈ ಬಿಸಿಲಿಗೆ ಇನ್ನೂ ಕೆಡ್ತದೆ,’ ಅಂದರು ಇವರು. ‘ನನ್ನ ಗಾಡೀಲೇ ತರ್ತೀನಿ. ಕ್ರಾಸ್‌ನಲ್ಲಿ ಐಸ್ ಹಾಕಿಸ್ಕೊಳ್ಳೋಣ. ಗಾರ್ಡ್ ಸಾರ್ ನನ್ನ ಪಕ್ಕ ಕೂತ್ಕೊಳ್ಳಿ.’ ಒಪ್ಪಿದರು. ಅದೇ ಕ್ರೇಟಿನಲ್ಲಿ, ಅದೇ ಸೀರೆಯಲ್ಲಿ, ಇವರೇ ಬಾಲ ಮಡಚಿ ಮಲಗಿಸಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಒಂಚೂರೂ ನಡುಗುತ್ತಿರಲಿಲ್ಲ. ಡ್ರೈವರ್ ಸೀಟಿಗೆ ಹತ್ತುವ ಮುಂಚೆ ಮಗಳನ್ನು ನೋಡಿ, ‘ಪಥ್ಯ ಬಿಡ್ಬೇಡ ಕಣಮ್ಮ’ ಅಂದರು. ಗಾಡಿ ಓಣಿಯಿಂದ ಹೊರಟು, ಜೀಪಿನ ಹಿಂದೆ ಹೈವೇಗೆ ಏರಿ ಲಾರಿಗಳ ನಡುವೆ ಸೇರಿಹೋಯಿತು.

ಜನ ಚದುರಿದರು. ಪಿಳ್ಳಮ್ಮಕ್ಕ ಬಂದು ನನ್ನ ಕೈ ಹಿಡಿದು, ‘ನಾನು ಕೆಟ್ಟದ್ದು ಬಯಸ್ಲಿಲ್ಲ ಕಣಮ್ಮ’ ಎಂದು ಅತ್ತರು. ಇರಬಹುದು. ನಾನು ಕೈ ಬಿಡಿಸಿಕೊಂಡು ಸಾರಿನ ಡಬ್ಬಿಯನ್ನು ತೊಳೆದು ತಂದುಕೊಟ್ಟೆ. ಅತ್ತೆ ಖಾಲಿ ಗುಂಡಿಯ ಹತ್ತಿರವೇ ಕೂತಿದ್ದರು. ಎಲೆಯ ಮೇಲಿನ ಬಂಗುಡೆ ಇರಲಿಲ್ಲ. ಗಲಾಟೆಯಲ್ಲಿ ಕಾಗೆ ಮುಟ್ಟಿತೋ, ನಾಯಿ ಎತ್ತಿಕೊಂಡು ಹೋಯಿತೋ, ನಾವು ಯಾರೂ ನೋಡಿರಲಿಲ್ಲ.

ಮಧ್ಯಾಹ್ನ ಮೋನಿಷಾ ಕೋಣೆಯಿಂದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೊರಟಳು. ಮುಂದಿನ ಬಾಗಿಲನ್ನು ಪೂರಾ ತೆರೆದು, ಬೇವಿನಮರದ ಕೆಳಗೆ, ಅಪ್ಪ ಗಾಡಿ ನಿಲ್ಲಿಸುವ ಜಾಗದ ಪಕ್ಕ ಕುರ್ಚಿ ಹಾಕಿಕೊಂಡಳು. ಅದೇ ನೈಟಿ, ಅದೇ ಕೆದರಿದ ಕೂದಲು. ಶಾಲನ್ನು ಒಳಗೇ ಬಿಟ್ಟು ಬಂದಿದ್ದಳು. ಓಣಿಯಲ್ಲಿ ಹೋಗುವವರು ಬರುವವರು ನೋಡುತ್ತಿದ್ದರು.

‘ಒಳಗೆ ಬಾ ಕಣೇ, ಜನ ನೋಡ್ತಾರೆ’ ಅಂದೆ. ನನ್ನ ಬಾಯಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

‘ನೋಡ್ಲಿ ಅಂತಾನೇ ಕೂತಿರೋದು,’ ಅಂದಳು. ‘ಅಪ್ಪ ಬರೋವರೆಗೂ ಇಲ್ಲೇ ಕೂತಿರ್ತೀನಿ.’

ನಾನೂ ಒಂದು ಮಣೆ ತಂದು ಅವಳ ಕಾಲ ಬಳಿ ಕೂತೆ. ಹೈವೇಯಲ್ಲಿ ಗಾಡಿಗಳು ಹೋಗುತ್ತಲೇ ಇದ್ದವು. ಯಾವ ಗಾಡಿಯೂ ಬರದಿರಲಿ ಎಂದು ಬೇಡಿಕೊಂಡಿದ್ದವಳು, ಈಗ ಒಂದೊಂದು ಸದ್ದಿಗೂ ಕತ್ತೆತ್ತಿ ನೋಡುತ್ತಿದ್ದೆ. ಒಂದು ಗಾಡಿ ಊರ ಕಡೆ ಹೊರಳಿದ ಸದ್ದಾಯಿತು. ಮಗಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಳು. ಹಾಲಿನ ಗಾಡಿ, ಡೇರಿಯ ಕಡೆಗೆ ಹೋಯಿತು. ಅವಳು ಕೈ ತೆಗೆಯಲಿಲ್ಲ. ನಾವು ಮುಂದಿನದಕ್ಕೆ ಕಿವಿಗೊಟ್ಟು ಕೂತೆವು.